ಇನ್ನೊಂದು ಬೋಟು

ನೀವು ಹಿಡಿದು ತೇಲಿದ ಹಲಗೆ ಎಷ್ಟು ಫೂಟು ಉದ್ದ ಇತ್ತು ಎಂದು ಇಲಿಯಾಸ ಕೇಳಿದಾಗ ಹಾಜಿ ಗುಡುಸಾಬರಿಗೆ ನಗು ಬಂತು, ಆದರೆ ನಗಲಿಲ್ಲ. ನಲವತ್ತೇಳು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕೇಳುವವರೆಲ್ಲ ಕಣ್ಣು ಅಗಲ ಮಾಡಿಕೊಂಡು, ನಡುಸಮುದ್ರದಲ್ಲಿ ದೇವರ ನೆನಪಾಯಿತೇ ಎಂದೇ ಕೇಳುತ್ತಿದ್ದರು. ಆಯಿತು ಎಂದರೆ ಅವರ ಕೈಯಲ್ಲಿನ ಚಹಾ ಇನ್ನಷ್ಟು ರುಚಿಯಾಗುತ್ತಿತ್ತು. ಇವನು ಮಾತ್ರ ಹಳೆಯ ಪತ್ರಿಕೆಗಳ ತುಣುಕುಗಳನ್ನು ಮೇಜಿನ ಮೇಲೆ ವರ್ಷದ ಪ್ರಕಾರ ಹರಡಿಕೊಂಡು, ಪೆನ್ನಿನ ತುದಿಯಿಂದ ಒಂದೊಂದನ್ನೇ ಮುಟ್ಟುತ್ತ ಓದಿದ. ತೊಂಬತ್ತೆಂಟರ ಸಂದರ್ಶನದಲ್ಲಿ ಹಲಗೆ ನಾಲ್ಕು ಫೂಟು. ಎರಡು ಸಾವಿರದ ಹನ್ನೊಂದರಲ್ಲಿ, ಶಿರಹಟ್ಟಿ ಶಾಲೆಯ ಕೊಠಡಿ ಉದ್ಘಾಟನೆಯ ಭಾಷಣದಲ್ಲಿ, ಆರು ಫೂಟು. ಹೋದ ವರ್ಷ ಮುಂಡರಗಿಯಲ್ಲಿ ಕುಡಿಯುವ ನೀರಿನ ಘಟಕ ಕೊಟ್ಟಾಗ ಬಾಗಿಲಿನಷ್ಟು.

“ಹಲಗಿ ಬೆಳಕೊಂತ ಹೊಂಟೈತ್ರಿ ಹಾಜಿಸಾಬ್ರ,” ಎಂದ ಇಲಿಯಾಸ. “ಯಾವುದರ ಒಂದು ಹೇಳ್ರಿ. ಪುಸ್ತಕದಾಗ ಮೂರೂ ಹಾಕಾಕ ಬರೂದಿಲ್ಲ.”

ಗುಡುಸಾಬರು ಕಿಟಕಿಯ ಕಡೆ ತಿರುಗಿದರು. ಅವರದೇ ಕಲ್ಯಾಣ ಮಂಟಪದ ಮೊದಲ ಮಹಡಿಯ ಕೋಣೆ ಅದು. ಕೆಳಗೆ ಗದಗಿನ ಮುಳಗುಂದ ರಸ್ತೆ, ರಸ್ತೆಯಾಚೆ ಅವರು ಕಟ್ಟಿಸಿಕೊಟ್ಟ ಬಸ್ ತಂಗುದಾಣ, ಅದರ ಹಣೆಯ ಮೇಲೆ ಅವರ ಹೆಸರು, ಹೆಸರಿನ ಪಕ್ಕದಲ್ಲಿ ಒಂದು ಹಡಗು. ಅವರ ದಾನದ ಟ್ರಸ್ಟಿನ ಗುರುತು ಬರೆದುಕೊಟ್ಟ ಲಕ್ಷ್ಮೇಶ್ವರದ ಪೇಂಟರನಿಗೆ ಅವರು ಸ್ಪಷ್ಟವಾಗಿ ಹೇಳಿದ್ದರು, ಅದು ಹಡಗಲ್ಲ, ಮರದ ಲಾಂಚು, ಹೊಗೆ ಕೊಳವೆ ಇರಲಿಲ್ಲ ಎಂದು. ಕೊಳವೆ ಇಲ್ಲದಿದ್ದರೆ ಹಡಗು ಎಂದು ಜನರಿಗೆ ತಿಳಿಯುವುದು ಹೇಗೆ ಎಂದು ಪೇಂಟರ ಎರಡು ಕೊಳವೆ ಬರೆದ. ಈಗ ಮೂರು ತಾಲೂಕುಗಳಲ್ಲಿ, ಶಾಲೆಯ ಗೋಡೆ, ಆಂಬುಲೆನ್ಸಿನ ಬಾಗಿಲು, ಸ್ಮಶಾನದ ಕಂಪೌಂಡು ಎನ್ನದೆ, ಎರಡು ಕೊಳವೆಯ ಹಡಗು ಮುಳುಗದೆ ನಿಂತಿದೆ. ಒಬ್ಬನಾದರೂ ಬಂದು, ಮುಳುಗಿದ ಹಡಗನ್ನು ಹೀಗೆ ತೇಲಿಸಿ ಬರೆದದ್ದೇಕೆ ಎಂದು ಕೇಳಿರಲಿಲ್ಲ. ಜನರ ಬಗ್ಗೆ ಅವರಿಗಿದ್ದ ಅಭಿಪ್ರಾಯ ಕೆಡಲು ಅಷ್ಟೇ ಸಾಕಾಗಿತ್ತು. ಉಳಿದದ್ದನ್ನು ಶಾಲುಗಳು ಮಾಡಿದವು. ಒಮ್ಮೆ ಲಕ್ಷ್ಮೇಶ್ವರದಲ್ಲಿ ಹೊದಿಸಿದ ಶಾಲಿನ ಮೇಲೆ ಚಹಾ ಚೆಲ್ಲಿತೆಂದು ಡ್ರೈವರನಿಗೆ ಕೊಟ್ಟಿದ್ದರು. ಅವನು ಯಾರಿಗೆ ಕೊಟ್ಟನೋ, ಅವರು ಯಾರಿಗೆ ಕೊಟ್ಟರೋ, ಎಂಟು ತಿಂಗಳ ಮೇಲೆ ಶಿರಹಟ್ಟಿಯಲ್ಲಿ ಅದೇ ಶಾಲು, ಅದೇ ಚಹಾದ ಕಲೆಯೊಂದಿಗೆ, ಚಪ್ಪಾಳೆಯ ನಡುವೆ ಅವರ ಹೆಗಲಿಗೆ ಮರಳಿತು. ಅವರು ಕಲೆಯನ್ನು ಒಳಗೆ ಮಡಚಿಕೊಂಡು ಕೈ ಮುಗಿದರು.

ಎಪ್ಪತ್ತು ತುಂಬುವ ಹಾಜಿಸಾಬರಿಗೆ ಅಭಿನಂದನ ಗ್ರಂಥ ತರಬೇಕೆಂದು ಠರಾವು ಮಾಡಿದವರೂ ಇದೇ ಜನ. ಠರಾವು ಓದಿದ ನಿವೃತ್ತ ಹೆಡ್‌ಮಾಸ್ತರರು ‘ಸಮುದ್ರ ತಿರುಗಿ ಕೊಟ್ಟ ದಾನಿ’ ಎಂಬ ಮಾತನ್ನು ಮೂರು ಸಲ ಹೇಳಿದರು, ಮೂರು ಸಲವೂ ತಲೆಯೆತ್ತಿ ದಾನಿಯ ಮುಖ ನೋಡಿದರು. ಬರೆಯಲು ಇಲಿಯಾಸನನ್ನು ಗೊತ್ತು ಮಾಡಿದ್ದೂ ಅವರೇ. ಹದಿನೆಂಟು ವರ್ಷ ಒಂದು ಪತ್ರಿಕೆಯ ಜಿಲ್ಲಾ ವರದಿಗಾರನಾಗಿದ್ದು, ಅದನ್ನು ಬಿಟ್ಟು ಈಗ ಊರ ದೊಡ್ಡವರ ಜೀವನಚರಿತ್ರೆ ಬರೆದು ಹೊಟ್ಟೆ ಹೊರೆಯುವ ಮನುಷ್ಯ. ಇಂಥವರು ಹೂವಿನ ಹಾರದ ಹಾಗೆ ಬರೆದು ಕೈ ತೊಳೆದುಕೊಳ್ಳುತ್ತಾರೆ ಎಂದೇ ಗುಡುಸಾಬರು ಒಪ್ಪಿದ್ದು. ಇವನು ಹಾರದೊಳಗಿನ ದಾರ ಹುಡುಕುವವನು ಎಂದು ಯಾರೂ ಹೇಳಿರಲಿಲ್ಲ.

“ನಾಕು ಫೂಟು ಹಾಕೋ ಮಾರಾಯ,” ಎಂದರು. ಇಲಿಯಾಸ ಬರೆದುಕೊಂಡ. ಅವನು ಬರೆದುಕೊಳ್ಳುವ ರೀತಿಯಲ್ಲೇ ನಂಬಿಲ್ಲ ಎನ್ನುವುದು ಕಾಣುತ್ತಿತ್ತು. ಆಮೇಲೆ ಇನ್ನೊಂದು ಪ್ರಶ್ನೆ ಇದೆ ಎಂದ. ಘಟನೆಯ ಬಗ್ಗೆ ಇರುವ ಸಂಗತಿಗಳನ್ನು ಮೊದಲು ಓದಿದ. ಸಾವಿರದ ಒಂಬೈನೂರ ಎಪ್ಪತ್ತೇಳರ ಡಿಸೆಂಬರ್. ಕಾಗದಪತ್ರವಿಲ್ಲದವರನ್ನು ಮುಂಬಯಿಯಿಂದ ದುಬೈ ಕಡೆ ಸಾಗಿಸುತ್ತಿದ್ದ ಲಾಂಚು. ನಲವತ್ಮೂರು ಜನ. ಮಸ್ಕತ್ತಿನ ದಂಡೆ ಇನ್ನೊಂದು ದಿನದ ದಾರಿ ಇರುವಾಗ, ಬೆಳಿಗ್ಗೆ, ಲಾಂಚು ಒಂದು ಮಗ್ಗುಲಿಗೆ ವಾಲಿ ಬೋರಲಾಯಿತು. ಉಳಿದವರು ಏಳು ಜನ. ಮರುದಿನ ಮಧ್ಯಾಹ್ನ ಮೀನುಗಾರರ ದೋಣಿ ಬಂದು ಏಳೂ ಜನರನ್ನು ಎತ್ತಿಕೊಂಡಿತು. ಅಲ್ಲಿಯವರೆಗೆ ಒಂದು ಬೋಟು, ಒಂದು ಹಕ್ಕಿ ಕೂಡ ಕಣ್ಣಿಗೆ ಬೀಳಲಿಲ್ಲ. ಈ ಹಕ್ಕಿಯ ಮಾತಿಗೆ ಸಭೆಗಳಲ್ಲಿ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಗುಡುಸಾಬರಿಗೆ ಗೊತ್ತಿತ್ತು, ಅಲ್ಲಿ ಒಂದು ಗುಟುಕು ನೀರು ಕುಡಿದು ಮುಂದುವರಿಯಬೇಕು.

“ಒಂದು ಹಕ್ಕಿನೂ ಬರಲಿಲ್ಲ ಅಂತ ಎಲ್ಲಾ ಕಡೆ ಹೇಳೀರಿ,” ಎಂದ ಇಲಿಯಾಸ. “ಬೆಟಗೇರಿ ಚೌಡವ್ವನವರು ಬ್ಯಾರೆ ಹೇಳ್ತಾರ. ಅವರ ಗಂಡ ಬಾಬಣ್ಣನ್ನ ಇನ್ನೊಂದು ಬೋಟಿನವರು ಎತ್ತಿಕೊಂಡು ಹೋದ್ರಂತ. ನೀವ ಕಂಡಿದ್ರಂತ, ನೀವ ಬಂದು ಹೇಳಿದ್ರಂತ.”

ನಿನ್ನನ್ನು ಅಲ್ಲಿಗೆ ಹೋಗು ಎಂದವರಾರು ಎಂದು ಗುಡುಸಾಬರು ಕೇಳಬಹುದಿತ್ತು. ಕೇಳಿದರೆ, ಹೋಗುವುದೇ ನನ್ನ ಕೆಲಸ ಎಂದು ಅವನು ಹೇಳುತ್ತಿದ್ದ. ಇಲಿಯಾಸನೇ ಮುಂದುವರಿದ. ಚೌಡವ್ವನಿಗೆ ಹುಷಾರಿಲ್ಲ, ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದು ಕಳಿಸಿದ್ದಾರೆ. ಇವತ್ತು ನಾಳೆಯೊಳಗೆ ಹಾಜಿಸಾಬರು ಒಮ್ಮೆ ಬಂದು ಹೋಗಬೇಕೆಂದು ಹೇಳಿ ಕಳಿಸಿದ್ದಾಳೆ. ಎರಡರಲ್ಲಿ ಯಾವುದು ಖರೆ ಎಂದು ಅವನು ಕೇಳಲಿಲ್ಲ. ಪೆನ್ನಿನ ಟೊಪ್ಪಿಗೆ ಹಾಕಿದ. ಅದು ಕೇಳುವುದಕ್ಕಿಂತ ಅಸಹ್ಯವಾಗಿತ್ತು.

ಬಾಬಣ್ಣನಿಗೆ ಈಜು ಬರುತ್ತಿರಲಿಲ್ಲ. ಬೆಟಗೇರಿಯ ನೇಕಾರನಿಗೆ ಈಜು ಎಲ್ಲಿಂದ ಬರಬೇಕು, ಆ ಊರಲ್ಲಿ ಹೊಳೆಯಿಲ್ಲ. ಸೊಂಟದ ಕೆಳಗಿನದನ್ನೆಲ್ಲ ಮಗ್ಗದ ಕುಣಿಯಲ್ಲಿ ಇಳಿಬಿಟ್ಟುಕೊಂಡು ಬದುಕಿದವನು. ಗುಡುಸಾಬರು ಹೊಳೆಯ ದಂಡೆಯ ಕೊರ್ಲಹಳ್ಳಿಯವರು, ಇಪ್ಪತ್ತರ ವಯಸ್ಸಿನಲ್ಲಿ ಬೆಟಗೇರಿಗೆ ಬಂದು ನೂಲಿಗೆ ಬಣ್ಣ ಹಾಕುವ ಮನೆಯಲ್ಲಿ ಕೂಲಿಗಿದ್ದವರು. ಪಕ್ಕದ ಮನೆಯ ಬಾಬಣ್ಣ ಬುತ್ತಿ ಹಂಚಿಕೊಳ್ಳುತ್ತಿದ್ದ. ದುಬೈಗೆ ಹೋಗೋಣ ಎಂದದ್ದು ಗುಡುಸಾಬ. ನೀರೆಂದರೆ ನನಗೆ ಅಂಜಿಕೆ ಎಂದದ್ದು ಬಾಬಣ್ಣ. ನಾ ಇದ್ದೀನಲ್ಲೋ, ಹೊಳೆಯಲ್ಲಿ ಹುಟ್ಟಿದವನು, ಎಂದದ್ದು ಮತ್ತೆ ಗುಡುಸಾಬ. ಕೊರ್ಲಹಳ್ಳಿಯಲ್ಲಿ ಹರಿಗೋಲು ಹಾಕುತ್ತಿದ್ದ ಕರೀಮಸಾಬ ಕಾಕಾ ಅವರಿಗೆ ಏಳನೆಯ ವರ್ಷಕ್ಕೇ ಕಲಿಸಿದ್ದ: ಮುಳುಗುವ ಮನುಷ್ಯ ನಿನ್ನನ್ನು ಹಿಡಿದರೆ ಮೊದಲು ಎದೆಗೆ ಒದಿ, ಒದ್ದು ಬಿಡಿಸಿಕೋ, ಬಿಟ್ಟಕೂಡಲೇ ಅವನು ಹೊಳೆ ಹರಿಯುವ ಕಡೆ ನಾಲ್ಕು ಮಾರು ಕೆಳಗೆ ಏಳುತ್ತಾನೆ, ಆಗ ಹಿಂದಿನಿಂದ ಹೋಗಿ ಕೂದಲು ಹಿಡಿ. ಕೊರ್ಲಹಳ್ಳಿಯ ದಂಡೆಯಲ್ಲಿ ನೀರಿಗೆ ಮುಖ ಮಾಡಿ ನಿಂತರೆ ಹೊಳೆ ಎಡಕ್ಕೆ ಹರಿಯುತ್ತದೆ. ಆ ಬೆಳಿಗ್ಗೆ ಬಾಬಣ್ಣ ಎರಡೂ ಕೈಯಿಂದ ಅವರ ಕೊರಳನ್ನು ತಬ್ಬಿಕೊಂಡಾಗ ಅವರು ಎದೆಗೆ ಒದ್ದರು. ಒದ್ದು ಎಡಕ್ಕೆ ತಿರುಗಿ, ನಾಲ್ಕು ಮಾರು ಆಚೆ, ಅವನು ಏಳುವುದನ್ನು ಕಾದರು. ಏಳಲಿಲ್ಲ. ಸಮುದ್ರ ಯಾವ ಕಡೆಗೂ ಹರಿಯುವುದಿಲ್ಲ ಎಂದು ಹೊಳೆಯ ದಂಡೆಯ ದಡ್ಡನಿಗೆ ಹೊಳೆದದ್ದು ಆಮೇಲೆ. ಅದು ತಪ್ಪು, ಪಾಪವಲ್ಲ. ಹೊಳೆ ಕಲಿಸಿದ್ದನ್ನು ಮಾಡಿದೆ, ಹೊಳೆ ಕಲಿಸಿದ ಕಡೆ ನೋಡಿದೆ. ನಲವತ್ತೇಳು ವರ್ಷ ಯಾರಿಗೂ ಹೇಳದ ಈ ಮಾತನ್ನು ಅವರು ಒಳಗೊಳಗೇ ಎಷ್ಟು ತಿಕ್ಕಿದ್ದರೆಂದರೆ, ಈಗ ಅದಕ್ಕೆ ಭಾಷಣದ ಹೊಳಪು ಬಂದಿತ್ತು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಅವರು ನಿರ್ಧಾರ ಮಾಡಿಯಾಗಿತ್ತು. ಸಾಯುವ ಹೆಂಗಸು ಕರೆಸಿದ್ದಾಳೆ, ಖರೆ ಕೇಳಬೇಕೆಂದೇ ಕರೆಸಿದ್ದಾಳೆ, ಹೇಳಿಬಿಡುವುದು. ಇಲಿಯಾಸನನ್ನೂ ಕರೆದುಕೊಂಡು ಹೋಗುವುದು. ಅವನು ಬರೆದುಕೊಳ್ಳಲಿ. ಶಾಲು ಹೊದಿಸುವವರು ಆ ಪುಟಕ್ಕೆ ಬಂದಾಗ ಅವರ ಮುಖ ಹೇಗಾಗುತ್ತದೆ, ಠರಾವಿನ ಹೆಡ್‌ಮಾಸ್ತರರ ಬಾಯಿ ಎಷ್ಟಗಲ ತೆರೆಯುತ್ತದೆ ಎಂದು ನೆನೆದು ಅವರಿಗೆ ಊಟ ರುಚಿಸಿತು. ಇಂಥ ಮಾತನ್ನು ಇಂಥ ಪುಸ್ತಕದಲ್ಲಿ ಅಚ್ಚು ಹಾಕಿಸಿದ ದಾನಿ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ ಎನ್ನುವ ವಿಚಾರವೂ ಬಂತು. ಬಂದ ಕೂಡಲೇ ಅದನ್ನು ಗುರುತಿಸಿ ಅವರು ತಮ್ಮನ್ನೇ ಹೇಸಿಕೊಂಡರು. ಆದರೆ ಅದನ್ನು ಹೊರಗೆ ಹಾಕಲಿಲ್ಲ. ಕೈ ತೊಳೆದು ಇಸ್ತ್ರಿಯ ಬಿಳಿ ಪೈಜಾಮ, ಜುಬ್ಬಾ ಹಾಕಿಕೊಂಡು, ಅತ್ತರು ಹಚ್ಚಿಕೊಳ್ಳುತ್ತಿದ್ದಾಗ ಹೆಂಡತಿ ಅಲ್ಮಾಸಬಿ ಬಾಗಿಲಿಗೆ ಬಂದು ನಿಂತಳು. ಎಲ್ಲಿಗೆ ಎಂದು ಕೇಳಿ ತಿಳಿದುಕೊಂಡು, ಮೇಲಿಂದ ಕೆಳಗೆ ಒಮ್ಮೆ ನೋಡಿದಳು.

“ಅಕಿ ಸಾಯಾಕತ್ತಾಳ ಅಂತೀರಿ,” ಎಂದಳು. “ನೀವು ನಿಖಾಕ್ಕ ಹೊಂಟಾಂಗ ಹೊಂಟೀರಿ.”

ಕಾರಿನಲ್ಲಿ ಅವರು ಇಲಿಯಾಸನ ಕಡೆ ತಿರುಗಿ, ಹಲಗೆ ಎರಡೂವರೆ ಫೂಟು ಇತ್ತು ಎಂದರು. ಹಲಗೆಯೂ ಅಲ್ಲ, ಮೀನಿನ ಪೆಟ್ಟಿಗೆಯ ಮುಚ್ಚಳ. ಒಬ್ಬನ ಎದೆಗೆ ಸಾಕಾಗುತ್ತಿತ್ತು, ಇಬ್ಬರಿಗೆ ಆಗುತ್ತಿರಲಿಲ್ಲ. ಇಲಿಯಾಸ ಬೆಳಗಿನ ‘ನಾಲ್ಕು’ ಹೊಡೆದುಹಾಕಿ ‘ಎರಡೂವರೆ’ ಎಂದು ಬರೆದ, ದಿನಾಂಕ ಹಾಕಿದ. ಗುಡುಸಾಬರು ಮೆಚ್ಚುಗೆಯ ಒಂದು ಮಾತಿಗೆ ಕಾದದ್ದು ತಮಗೇ ತಿಳಿದು ಕಿಟಕಿಯಾಚೆ ನೋಡಿದರು.

ಎಂಬತ್ತರಲ್ಲಿ ಚೌಡವ್ವನ ಇದೇ ಓಣಿಗೆ ಅವರು ನಡೆದುಕೊಂಡು ಬಂದಿದ್ದರು. ಲಾಂಚು ಮುಳುಗಿದ ಸುದ್ದಿ ಕಾಗದದಲ್ಲಿ ಬಂದು ಎರಡು ವರ್ಷವಾಗಿತ್ತು. ಸತ್ತವರ ಪಟ್ಟಿ ಯಾರ ಹತ್ತಿರವೂ ಇರಲಿಲ್ಲ. ಗುಡುಸಾಬ ಬರಲಿ, ಅವನ ಬಾಯಿಂದ ಕೇಳೋಣ ಎಂದು ಹಿರಿಯರು ನಿಲ್ಲಿಸಿದ್ದರು. ಅವರು ಶಾರ್ಜಾದಲ್ಲಿ ಹಳೆಯ ಹಡಗು ಒಡೆಯುವ ಕೆಲಸಕ್ಕೆ ಸೇರಿಕೊಂಡು, ಮುಂದೆ ಅದೇ ಕಬ್ಬಿಣದಲ್ಲಿ ಸಾಹುಕಾರರಾಗಲಿದ್ದವರು, ಮೊದಲ ರಜೆಗೆ ಊರಿಗೆ ಬಂದಿದ್ದರು. ಬಾಗಿಲಲ್ಲಿ ನಿಂತಾಗ ಅವರಿಗೆ ಕಂಡದ್ದು ಹಸಿರು ಬಳೆ. ಇಪ್ಪತ್ತೊಂದರ ಚೌಡವ್ವ ಕಂಬಕ್ಕೆ ಆತುಕೊಂಡು ನಿಂತಿದ್ದಳು, ಕಂಕುಳಲ್ಲಿ ಎರಡು ವರ್ಷದ ಮುತ್ತುರಾಜ, ಅಪ್ಪ ಹೋದ ಮೂರು ತಿಂಗಳಿಗೆ ಹುಟ್ಟಿದ ಮಗು. ಒಳಗೆ ಮುದುಕಿಯರು ಕಾಯುತ್ತಿದ್ದರು. ಸತ್ತ ಎಂದು ಇವರು ಒಂದು ಮಾತು ಹೇಳಿದರೆ ಕುಂಕುಮ ಒರೆಸಿ, ಬಳೆ ಒಡೆಯುವುದಿತ್ತು. ಒಡೆಯುವ ಕಲ್ಲು ಕೂಡ ನೀರು ಹಾಕಿ ತೊಳೆದಿಟ್ಟಿದ್ದು ಕಂಡಿತು. ಅವರ ಬಾಯಿ ತಾನಾಗಿ ಹೇಳಿತು: ಬಾಬಣ್ಣನನ್ನು ಇನ್ನೊಂದು ಬೋಟಿನವರು ಎತ್ತಿಕೊಂಡರು, ನಾನು ಕಂಡೆ, ಎಲ್ಲಿಗೆ ಒಯ್ದರೋ ತಿಳಿಯಲಿಲ್ಲ. ದಯೆಯಿಂದ ಹೇಳಿದೆ ಎಂದು ಕೆಲವು ವರ್ಷ ನಂಬಿದ್ದರು. ಅಂಜಿ ಹೇಳಿದೆ ಎಂದು ಆಮೇಲೆ ಗೊತ್ತಾಯಿತು. ಅಲ್ಲಿಂದ ಮುಂದೆ ಆ ಮನೆಗೆ ಅವರು ಕಳಿಸಿದ ಯಾವುದನ್ನೂ ಚೌಡವ್ವ ಒಳಗೆ ಬಿಟ್ಟುಕೊಳ್ಳಲಿಲ್ಲ. ಅವರು ಬಂದ ಮೇಲೆ ಅವರ ಕೈಯಲ್ಲೇ ಕೊಡಿ ಎಂದು ತಿರುಗಿಸಿ ಕಳಿಸುತ್ತಿದ್ದಳು, ಬಾಗಿಲಲ್ಲೇ, ನಗದೆ. ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿ ಮಗನನ್ನು ಬೆಳೆಸಿದಳು. ತೆಗೆದುಕೊಳ್ಳದ ಈ ಒಂದು ಮನೆಯ ಸಿಟ್ಟಿಗೆ ಗುಡುಸಾಬರು ಮೂರು ತಾಲೂಕಿಗೆ ಕೊಟ್ಟರು. ಅವಳನ್ನು ನೆನೆದಾಗಲೆಲ್ಲ ತಿರಸ್ಕಾರವೇ ಬರುತ್ತಿತ್ತು: ಸತ್ತವನ ಹೆಸರಲ್ಲಿ ನಲವತ್ತೇಳು ವರ್ಷ ಕುಂಕುಮ ಹಚ್ಚಿಕೊಂಡು ಕುಳಿತ, ಅಂಜಿದವನ ಒಂದು ಮಾತನ್ನು ನಂಬಿದ ದಡ್ಡ ಹೆಂಗಸು.

ಮಗ್ಗದ ಕುಣಿ ಈಗ ಇರಲಿಲ್ಲ. ಅದನ್ನು ಸಿಮೆಂಟಿನಿಂದ ಮುಚ್ಚಿ ಮೇಲೆ ಫ್ರಿಜ್ ಇಟ್ಟಿದ್ದರು. ಅದರ ಪಕ್ಕದಲ್ಲೇ ಮಂಚ. ಚೌಡವ್ವ ಎರಡು ದಿಂಬಿಗೆ ಒರಗಿದ್ದಳು. ಉಸಿರು ಎಳೆಯುವಾಗ ಕೊರಳ ನರ ಹಗ್ಗದಂತೆ ಎದ್ದು ನಿಲ್ಲುತ್ತಿತ್ತು. ಹಣೆಯಲ್ಲಿ ಅಗಲ ಕುಂಕುಮ. ಕೈ ಎಷ್ಟು ಸೊರಗಿತ್ತೆಂದರೆ ಹಸಿರು ಬಳೆ ಕಳಚಿ ಬೀಳದಂತೆ ನೂಲಿನಿಂದ ಮಣಿಕಟ್ಟಿಗೆ ಕಟ್ಟಿದ್ದರು. ಸೊಸೆ ರೋಹಿಣಿ ಕಾಲು ಒತ್ತುತ್ತಿದ್ದಳು. ಮಗ ಮುತ್ತುರಾಜ, ನಲವತ್ತಾರರ, ತಹಶೀಲ್ದಾರ ಕಚೇರಿಯ ಮುಂದೆ ಜನರಿಗೆ ಅರ್ಜಿ ಬರೆದುಕೊಡುವವನು, ಎದ್ದು ನಿಂತು ಕುರ್ಚಿ ಸರಿಸಿದ. ಇನ್ನೊಂದು ಕುರ್ಚಿಯಲ್ಲಿ ಆಗಲೇ ಒಬ್ಬ ಮುದುಕ ಕುಳಿತಿದ್ದ: ಬಾಬಣ್ಣನ ತಮ್ಮ ಕಳಕಪ್ಪ, ಈಗ ಓಣಿಯ ಹಿರಿಯ. ಅವನೇ ಪೀಠಿಕೆಯಿಲ್ಲದೆ ಶುರು ಮಾಡಿದ. ಇವಳ ಕಾಲ ಹತ್ತಿರ ಬಂದಿದೆ. ಮುತ್ತೈದೆ ಎಂದು ಹಸಿರು ಸೀರೆ ಉಡಿಸಿ, ಅರಿಷಿಣ ಕುಂಕುಮ ಹಚ್ಚಿ ಒಯ್ಯಬೇಕೆಂದು ಹಟ ಹಿಡಿದಿದ್ದಾಳೆ. ನಿಮ್ಮ ಭಾಷಣ ಕೇಳಿದ ಓಣಿಯ ಹೆಂಗಸರು ಒಪ್ಪುತ್ತಿಲ್ಲ; ಗಂಡ ಸತ್ತವಳಿಗೆ ಅರಿಷಿಣ ಹಚ್ಚಲು ಬರುವುದಿಲ್ಲ, ಮೊದಲು ಮಗ ತಂದೆಯ ಕರ್ಮ ಮಾಡಿ ಮುಗಿಸಲಿ, ಇವಳು ಹಣೆ ಒರೆಸಿಕೊಳ್ಳಲಿ ಎನ್ನುತ್ತಿದ್ದಾರೆ. ಈ ಮಾತು ನಿಂತಿರುವುದು ನಿಮ್ಮೊಬ್ಬರ ಬಾಯಿಯ ಮೇಲೆ.

“ಸತ್ತಾನೋ ಇದ್ದಾನೋ ಯಾರೂ ಕೇಳವಲ್ರು,” ಎಂದ ಕಳಕಪ್ಪ. “ನೀವು ಕಂಡೀರೋ ಇಲ್ಲೋ, ಅಷ್ಟ ಹೇಳ್ರಿ. ಅವತ್ತೂ ನಿಮ್ಮ ಮಾತಿನ ಮ್ಯಾಲ ಬಿಟ್ಟಿದ್ವಿ. ಇವತ್ತೂ ಅಷ್ಟ.”

ಗುಡುಸಾಬರು ಗಂಟಲು ಸರಿಮಾಡಿಕೊಂಡು ಇಲಿಯಾಸನ ಕಡೆ ನೋಡಿದರು. ಅವನು ಪೆನ್ನಿನ ಟೊಪ್ಪಿಗೆ ತೆಗೆದಿದ್ದ. ಅಷ್ಟರಲ್ಲಿ ಚೌಡವ್ವ ಕೈಯೆತ್ತಿ ಸೊಸೆಯನ್ನು ತಡೆದಳು. ಎಲ್ಲರಿಗೂ ಹೊರಗಿನ ಕಟ್ಟೆಯಲ್ಲಿ ಚಹಾ ಕೊಡು, ನಾನು ಗುಡುಸಾಬಣ್ಣನ ಕೂಡ ಎರಡು ಮಾತು ಆಡಬೇಕು ಎಂದಳು. ಕಳಕಪ್ಪ ಏಳಲು ಮನಸ್ಸಿಲ್ಲದೆ ಎದ್ದ. ಇಲಿಯಾಸನೂ ಎದ್ದ. ಇವನು ಇರಲಿ ಎಂದು ಗುಡುಸಾಬರು ಹೇಳಿನೋಡಿದರು. ಅವಳು ಬಾಗಿಲನ್ನೇ ನೋಡಿದಳು. ಬಾಗಿಲು ಮುಚ್ಚಿತು. ಕೇಳುವವನೊಬ್ಬನು ಹೋದದ್ದರಿಂದಲೇ ತಮ್ಮ ಮಾತಿನ ಅರ್ಧ ಬಲ ಇಳಿದುಹೋದದ್ದು ಅವರಿಗೆ ಅರಿವಾಯಿತು. ಆದರೂ ಶುರು ಮಾಡಿದರು, ತಗ್ಗಿದ, ಭಾರವಾದ, ಸಭೆಯಲ್ಲಿ ಕೊನೆಯ ವಾಕ್ಯಕ್ಕೆ ಬಳಸುವ ದನಿಯಲ್ಲಿ.

“ವೈನಿ, ಅವತ್ತು ನಾ ನಿಮ್ಮ ಬಾಗಲದಾಗ ನಿಂತು ಸುಳ್ಳ ಹೇಳಿದೆ.”

“ಗೊತ್ತೈತಿ,” ಎಂದಳು ಚೌಡವ್ವ. “ಸಣ್ಣಗ ಮಾತಾಡ್ರಿ. ಕಳಕಪ್ಪಗ ಕಿವಿ ಚುರುಕ ಅದಾವ.”

ಅವಳು ಉಸಿರು ಕೂಡಿಸಿಕೊಂಡು, ನಡುನಡುವೆ ನಿಂತು, ಅಂಗಡಿಯವನಿಗೆ ಸಾಮಾನು ಹೇಳುವ ಹಾಗೆ ಹೇಳಿದಳು. ಅವತ್ತು ನೀವು ನನ್ನ ಮುಖ ನೋಡಿ ಹೇಳಲಿಲ್ಲ, ಬಳೆ ನೋಡಿ ಹೇಳಿದಿರಿ, ಆಗಲೇ ತಿಳಿಯಿತು. ಒಳಗೆ ಮುದುಕಿಯರಷ್ಟೇ ಇರಲಿಲ್ಲ. ಅಡಿಗೆ ಮನೆಯ ಮೂಲೆಯಲ್ಲಿ ನನ್ನ ಮಾವ ಹೊಸ ಸೀರೆ ತಂದಿಟ್ಟಿದ್ದ. ಗಂಡ ಸತ್ತ ಎಂದು ಗಟ್ಟಿಯಾದರೆ ವಾರದೊಳಗೆ ಮೈದುನ ಕಳಕಪ್ಪನ ಜೊತೆ ಉಡಿಕಿ ಮದುವೆ ಮಾಡಿಸಿ, ಅವನ ಮಗ್ಗಕ್ಕೆ ನನ್ನನ್ನು ಕೂಡಿಸುವುದೆಂದು ಮಾತಾಗಿತ್ತು. ಹೂಂ ಎನ್ನಬೇಕೋ ಬೇಡವೋ ಎಂದು ನನ್ನನ್ನು ಯಾರು ಕೇಳಿದ್ದರು. ಕಳಕಪ್ಪ ಕುಡಿದು ಮೊದಲನೆಯವಳನ್ನು ಬಡಿದು ತವರಿಗೆ ಅಟ್ಟಿದವನು.

“ನಿಮ್ಮ ಸುಳ್ಳ ನನಗ ಬೇಕಾಗಿತ್ತು,” ಎಂದಳು. “ನೀವು ಬೇಕಾಗಿರಲಿಲ್ಲ. ಅದಕ್ಕ ನಿಮ್ಮ ಅಕ್ಕಿ, ಅರಿವಿ ಯಾವುದೂ ಒಳಗ ತಗೊಳ್ಳಲಿಲ್ಲ. ಮುತ್ತು ಸಾಲಿ ಕಲಿತ, ಮದವಿ ಆತು. ಗಂಡ ಇದ್ದಾಕಿ ಅಂತ ನನ್ನ ಯಾರೂ ಮುಟ್ಟಲಿಲ್ಲ. ಇನ್ನ ನಾಕು ದಿನ. ಈಗ ನಿಮಗ ಖರೆ ಹೇಳೂ ಹಸಿವಿ ಆಗೈತಿ, ನನಗ ಮಾರಿ ನೋಡಿದ್ರ ತಿಳಿತೈತಿ. ಅತ್ತರ ಹಚ್ಚಿಕೊಂಡು ಬಂದೀರಿ.”

ಗುಡುಸಾಬರು ಕೈಯನ್ನು ಮಡಿಲಿನಿಂದ ತೆಗೆದು ಕುರ್ಚಿಯ ತೋಳಿನ ಮೇಲೆ ಇಟ್ಟರು, ಮತ್ತೆ ಮಡಿಲಿಗೆ ಇಟ್ಟರು. ನಲವತ್ತೇಳು ವರ್ಷ ಅವರು ಹೊತ್ತ ಭಾರದಲ್ಲಿ ಈ ಹೆಂಗಸು ಬೆಚ್ಚಗೆ ಕುಳಿತು ಬದುಕಿದ್ದಳು. ಅವರ ಸಂಕಟಕ್ಕೆ ಇಲ್ಲಿ ಕಿಮ್ಮತ್ತೇ ಇರಲಿಲ್ಲ. ಶಾಲೆ, ನೀರು, ಆಂಬುಲೆನ್ಸು, ಇವೆಲ್ಲ ಯಾರ ಮುಂದೆ ಆಡಿದ ಆಟ ಎಂದು ತಮ್ಮನ್ನೇ ಕೇಳಿಕೊಂಡರು. ಆಮೇಲೆ ಅವರಿಗೆ ಸಿಟ್ಟು ಬಂತು. ಎದ್ದು ಬಾಗಿಲು ತೆಗೆದು, ಬನ್ನಿ, ಬಾಬಣ್ಣ ಮುಳುಗಿದ, ನನ್ನ ಕಾಲಿನ ಒದೆತಕ್ಕೆ ಮುಳುಗಿದ ಎಂದುಬಿಟ್ಟರೆ ಇವಳ ಹಣೆಯ ಕುಂಕುಮ ಈ ಸಂಜೆಗೇ ಒರೆಸಿಹೋಗುತ್ತದೆ. ತಾವು ಹಗುರಾಗುತ್ತೇವೆ. ಇಲಿಯಾಸ ಬರೆದುಕೊಳ್ಳುತ್ತಾನೆ. ಎರಡೂ ತಮ್ಮ ಕೈಯಲ್ಲೇ ಇದೆ ಎನ್ನುವುದು ಅವಳಿಗೂ ಗೊತ್ತಿತ್ತು. ಆದರೂ ಅವಳು ಬೇಡಿಕೊಳ್ಳಲಿಲ್ಲ. ಕಣ್ಣು ಮುಚ್ಚಿ ಉಸಿರು ಎಳೆಯುತ್ತಿದ್ದಳು. ಬೇಡಿಕೊಂಡಿದ್ದರೆ ಅವರಿಗೆ ದಾರಿ ಸುಲಭವಾಗುತ್ತಿತ್ತು. ಬೇಡುವವರಿಗೆ ಕೊಡುವುದು, ಬಿಡುವುದು ಎರಡೂ ಅವರಿಗೆ ರೂ‍ಢಿಯಾಗಿತ್ತು.

“ನಾ ಹೋದ ಮ್ಯಾಲ ಬೇಕಾದ್ದು ಹೇಳ್ರಿ,” ಎಂದಳು ಕಣ್ಣು ತೆರೆಯದೆ. “ಈಗ ಅವರನ್ನ ಕರೀರಿ.”

ಎಲ್ಲರೂ ಒಳಗೆ ಬಂದರು. ಕಳಕಪ್ಪ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ. ಗುಡುಸಾಬರು ಯಾರ ಮುಖವನ್ನೂ ನೋಡದೆ, ಇನ್ನೊಂದು ಬೋಟು ಬಂತು ಎಂದರು. ದನಿ ತಮ್ಮದಲ್ಲ ಎನಿಸಿತು. ಲಾಂಚು ಮಗುಚಿ ಒಂದು ತಾಸಾಗಿತ್ತು, ಬೋಟು ಬಂತು, ಹಗ್ಗ ಒಗೆದರು, ಬಿಳಿ ಹಗ್ಗ. ನೀಲಿ ಎಂದಳು ಚೌಡವ್ವ. ಹೌದು, ನೀಲಿ. ಬಾಬಣ್ಣ ಹಗ್ಗ ಹಿಡಿದುಕೊಂಡ, ಮೂರು ಜನ ಎಳೆದರು. ಇಬ್ಬರು, ಎಂದಳು ಅವಳು. ಇಬ್ಬರು ಎಳೆದರು, ಒಬ್ಬ ದೂರ ನಿಂತಿದ್ದ ಎಂದು ನೀವೇ ಹೇಳಿದ್ದಿರಿ, ಅವನ ತಲೆಗೆ ಕೆಂಪು ಅರಿವೆ ಇತ್ತು. ಹೌದು, ಕೆಂಪು. ಎಂಬತ್ತರಲ್ಲಿ ಬಾಗಿಲಲ್ಲಿ ನಿಂತು ಅಂಜುತ್ತ ಕಟ್ಟಿದ ಸುಳ್ಳನ್ನು ಅವರು ಮರೆತಿದ್ದರು. ಅವಳು ಒಂದು ಎಳೆ ಬಿಡದಂತೆ ಇಟ್ಟುಕೊಂಡಿದ್ದಳು. ಸಾಹುಕಾರನಾದ ಎಪ್ಪತ್ತರ ಮನುಷ್ಯ, ಪಾಠ ತಪ್ಪಿದ ಹುಡುಗನಂತೆ, ತಿದ್ದಿಸಿಕೊಳ್ಳುತ್ತ, ಮಂಚದ ಪಕ್ಕದಲ್ಲಿ ಕುಳಿತು ಒಪ್ಪಿಸಿದ. ರೋಹಿಣಿ ಕಾಲು ಒತ್ತುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ಇಲಿಯಾಸ ಬರೆಯುತ್ತಿದ್ದ. ಬೆಳಿಗ್ಗೆ ಮೂರು ಅಳತೆಯ ಹಲಗೆಯನ್ನು ಸಹಿಸದವನು ಈಗ ತಲೆಯೆತ್ತಲಿಲ್ಲ.

ಮುಗಿದ ಮೇಲೆ, ಬರೆದದ್ದನ್ನು ಓದು ಎಂದಳು ಚೌಡವ್ವ. ಇಲಿಯಾಸ ವರದಿಯ ದನಿಯಲ್ಲಿ ಓದಿದ: “ಲಾಂಚು ಮಗುಚಿದ ಸುಮಾರು ಒಂದು ತಾಸಿನ ನಂತರ ಬಂದ ಇನ್ನೊಂದು ಬೋಟಿನ ಇಬ್ಬರು, ನೀಲಿ ಹಗ್ಗದ ನೆರವಿನಿಂದ ಬಾಬಣ್ಣನವರನ್ನು ಮೇಲೆತ್ತಿಕೊಂಡದ್ದನ್ನು ಗುಡುಸಾಬರು ಕಣ್ಣಾರೆ ಕಂಡರು. ಮೂರನೆಯವನೊಬ್ಬ ತಲೆಗೆ ಕೆಂಪು ಬಟ್ಟೆ ಸುತ್ತಿಕೊಂಡು ನಿಂತಿದ್ದ.”

“ಬರೋಬರಿ ಐತಿ,” ಎಂದಳು.

ಕಳಕಪ್ಪ ಎದ್ದು, ಹಂಗಾದರ ಹಸರ ಸೀರಿ ಉಡಸ್ರಿ, ನಾ ಓಣ್ಯಾಗ ಹೇಳ್ತೀನಿ ಎಂದು ಯಾರ ಕಡೆಗೂ ನೋಡದೆ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೋದ. ಚೌಡವ್ವನ ಮುಖದಲ್ಲಿ ಗೆಲುವೇನೂ ಕಾಣಲಿಲ್ಲ. ನೀರು ಬೇಕೆಂದಳು, ರೋಹಿಣಿ ಚಮಚದಲ್ಲಿ ಹಾಕಿದಳು. ಗುಡುಸಾಬರು ಏಳಬೇಕೆಂದುಕೊಂಡರು. ಅಷ್ಟು ಹೊತ್ತು ಗೋಡೆಗೆ ಒರಗಿ ನಿಂತಿದ್ದ ಮುತ್ತುರಾಜ ಒಂದು ಹೆಜ್ಜೆ ಮುಂದೆ ಬಂದ. ಇಪ್ಪತ್ತು ವರ್ಷ ಬೇರೆಯವರ ಅರ್ಜಿ ಬರೆದ ಮನುಷ್ಯ, ಕೈ ಕಟ್ಟಿಕೊಂಡು, ತನ್ನದೊಂದು ಅರ್ಜಿ ಇದ್ದವನಂತೆ ನಿಂತ.

“ಎಲ್ಲಾ ಹೇಳಿದ್ರಿ ಕಾಕಾ,” ಎಂದ. “ಒಂದು ನಮ್ಮವ್ವನೂ ಯಾವತ್ತೂ ಹೇಳಿಲ್ಲ. ಹೋಗೂ ಮುಂದ ಅಪ್ಪ ನಿಮ್ಮ ಕಡೆ ನೋಡಿದ್ರೇನು?”

ಗುಡುಸಾಬರು ಚೌಡವ್ವನ ಕಡೆ ನೋಡಿದರು. ತಿದ್ದಲು ಅವಳ ಹತ್ತಿರವೂ ಏನೂ ಇರಲಿಲ್ಲ. ಈ ಪ್ರಶ್ನೆ ಆ ಹಳೆಯ ಸುಳ್ಳಿನಲ್ಲಿರಲಿಲ್ಲ. ಹೊಸದಾಗಿ ಕಟ್ಟಬೇಕಿತ್ತು. ಒಂದು ಸುಳ್ಳು ಹೆಚ್ಚಾದರೇನು, ಈ ಮನುಷ್ಯನಿಗೆ ಅಷ್ಟಾದರೂ ಸಿಗಲಿ ಎಂದುಕೊಂಡು, ಉದಾರವಾಗಿಯೇ, ಬಾಯಿ ತೆರೆದರು.

“ನೋಡಿದ,” ಎಂದರು. “ನನ್ನನ್ನ ನೋಡಿದ. ಕೈ ಎತ್ತಿದ.”

ಹೇಳಿದ ಮೇಲೆ ಕೋಣೆ ಸ್ವಲ್ಪ ದೂರ ಸರಿದಂತಾಯಿತು. ಅದನ್ನು ಅವರು ಕಟ್ಟಿರಲಿಲ್ಲ. ನೀರು ಬೆಳಗಿನ ಬಿಸಿಲಿಗೆ ತಗಡಿನಂತೆ ಹೊಳೆಯುತ್ತಿತ್ತು; ಮೀನಿನ ಪೆಟ್ಟಿಗೆಯ ಮುಚ್ಚಳ ಅವರ ಎದೆಯ ಕೆಳಗಿತ್ತು; ಬಲಕ್ಕೆ, ಎರಡು ಮಾರಿನಷ್ಟೂ ದೂರವಿಲ್ಲ, ಬಾಬಣ್ಣ ಎದ್ದಿದ್ದ. ಬಾಯಲ್ಲಿ ನೀರು ತುಂಬಿ ಕೂಗಲು ಬಾರದೆ, ಕಣ್ಣು ಇವರ ಮೇಲೆ ಇಟ್ಟು, ಬೆರಳು ಬಿಡಿಸಿದ ಒಂದು ಕೈಯನ್ನು ಮೇಲೆತ್ತಿದ್ದ. ಮೊದಲು ನೋಡಿದ್ದು ಬಲಕ್ಕೆ. ಅದನ್ನು ನೋಡಿದ ಮೇಲೆಯೇ ಅವರು ಎಡಕ್ಕೆ ತಿರುಗಿದ್ದು, ತಿರುಗಿ ಕಾದದ್ದು, ಯಾರೂ ಏಳಲಾರದ ಜಾಗವನ್ನು ನೋಡುತ್ತ, ಬಲಗಡೆಯ ಸದ್ದು ನಿಲ್ಲುವವರೆಗೆ. ಹೊಳೆ ಅವರಿಗೆ ಏನನ್ನೂ ತಪ್ಪು ಕಲಿಸಿರಲಿಲ್ಲ.

ಮುತ್ತುರಾಜ ತಲೆಯಾಡಿಸಿದ. ಅವನ ಮುಖ ಸಡಿಲಾಯಿತು, ಸ್ವಲ್ಪ ನಕ್ಕಂತೆಯೂ ಕಂಡಿತು. ಕೈ ಎತ್ತಿದರಂತೆ, ಎಂದು ತಾಯಿಯ ಕಡೆ ಬಾಗಿ ಹೇಳಿದ, ಅವಳು ಕೇಳಿಲ್ಲವೇನೋ ಎಂಬಂತೆ. ಅವಳು ಕೇಳಿದ್ದಳು. ಕಣ್ಣು ತೆರೆದು ಗುಡುಸಾಬರನ್ನು ನೋಡುತ್ತಿದ್ದಳು, ಈ ಸಲ ಅವರಿಗೆ ಮುಖ ತಿರುಗಿಸಲಾಗಲಿಲ್ಲ.

ಇಲಿಯಾಸ ‘ಕೈ ಎತ್ತಿದರು’ ಎಂದು ಬರೆದು ಪೆನ್ನು ನಿಲ್ಲಿಸಿದ.

“ಯಾವ ಕೈರಿ?” ಎಂದ.

“ಬಲಗೈ,” ಎಂದರು ಗುಡುಸಾಬರು.